ಕೊನೆಯ ಆಂಪ್ಲಿಫೈಯರ್ ಅಲ್ಲ, ಮೊದಲನೆಯದು ನೋಡಿ

ಪ್ರಶ್ನೆ: ಮೈಕ್ರೋವೇವ್ ಒಲೆಯ ಮ್ಯಾಗ್ನೆಟ್ರಾನ್‌ನಿಂದ (ಮೈಕ್ರೋವೇವ್ ಹುಟ್ಟಿಸುವ ಭಾಗ) ಪ್ಲಾಸ್ಮಾದ, ಅಂದರೆ ಎಲೆಕ್ಟ್ರಾನ್‌ಗಳು ಬೇರ್ಪಟ್ಟ ಬಿಸಿ ಅನಿಲದ, ಉಷ್ಣತೆ ಅಳೆಯಬಹುದೇ? (ಬೀದರ್)

ಆಗದು. ಇಲ್ಲಿ ಉಷ್ಣತೆ ತಿಳಿಯುವುದು ಕಾಂತಕ್ಷೇತ್ರದಲ್ಲಿ ಸುತ್ತುವ ಪ್ಲಾಸ್ಮಾದ ಎಲೆಕ್ಟ್ರಾನ್‌ಗಳೇ ಸೂಸುವ ಮೈಕ್ರೋವೇವ್‌ನಿಂದ. ಮ್ಯಾಗ್ನೆಟ್ರಾನ್‌ನದು 2.45 ಗಿಗಾಹರ್ಟ್ಸ್; 2 ಟೆಸ್ಲಾ ಕ್ಷೇತ್ರದಲ್ಲಿ ಆ ಎಲೆಕ್ಟ್ರಾನ್‌ಗಳ ಎರಡನೇ ಹಾರ್ಮೋನಿಕ್ (ಸುತ್ತುವ ಆವರ್ತನದ ಎರಡರಷ್ಟು) 112. ಒಲೆ ಬಿಚ್ಚಲೂ ಬೇಡಿ, ಪ್ಲಗ್ ಕಿತ್ತರೂ ಕೆಪಾಸಿಟರ್ ಕೊಲ್ಲಬಲ್ಲದು.

ಪ್ರಶ್ನೆ: ಟೋಕಮಾಕ್ (ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಉಂಗುರಾಕಾರದ ಯಂತ್ರ) ಪ್ಲಾಸ್ಮಾದ ಉಷ್ಣತೆಯ ಚಿತ್ರ ತೆಗೆಯುವ ರಿಸೀವರ್‌ನ ಮಾದರಿ ಕಟ್ಟಿದ್ದೇವೆ. ನಾಯ್ಸ್ (ಸಿಗ್ನಲ್‌ಗೆ ಬೆರೆಯುವ ಬೇಡದ ಗದ್ದಲ) ವಿಪರೀತ. ಕೊನೆಯಲ್ಲಿ ಇನ್ನೊಂದು ಆಂಪ್ಲಿಫೈಯರ್ ಸೇರಿಸಿದರೆ ಸಾಲದೇ? (ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಕಲಬುರಗಿ)

ಸಾಲದು. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಬರುತ್ತದೆ. ಅದು ಸಿಗ್ನಲ್ ಜೊತೆ ನಾಯ್ಸನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಲೆಕ್ಕ ಹಾಕಿ: 1,000 ಇವಿ (ಎಲೆಕ್ಟ್ರಾನ್ ವೋಲ್ಟ್; 1 ಇವಿ ಎಂದರೆ ಸುಮಾರು 11,600 ಕೆಲ್ವಿನ್) ಪ್ಲಾಸ್ಮಾ; ಕಿಟಕಿ, ಲೆನ್ಸ್, ಬೀಮ್ ಸ್ಪ್ಲಿಟರ್ ದಾಟುವಾಗ 20 ಡಿಬಿ ನಷ್ಟವಾದರೆ, ಅಂದರೆ ನೂರರಲ್ಲಿ ಒಂದು ಪಾಲಾದರೆ, ಉಳಿಯುವುದು 10 ಇವಿ. ರಿಸೀವರ್‌ನ ನಾಯ್ಸ್ ಉಷ್ಣತೆ (ಅದರದ್ದೇ ನಾಯ್ಸನ್ನು ಉಷ್ಣತೆಯ ಲೆಕ್ಕದಲ್ಲಿ ಹೇಳುವ ಅಂಕಿ) 50,000 ಕೆಲ್ವಿನ್ ಇದ್ದರೆ ಅದೇ 4.3 ಇವಿ! 5,000ಕ್ಕೆ ಇಳಿಸಿದರೆ 0.43. ಅಮೆರಿಕದ ಡಿ-3-ಡಿ ಟೋಕಮಾಕ್ ಯಂತ್ರದಲ್ಲಿ ಪ್ರತಿ ಆಂಟೆನಾದ ಹಿಂದೆಯೇ ಕಡಿಮೆ ನಾಯ್ಸ್‌ನ ಆಂಪ್ಲಿಫೈಯರ್ ಮತ್ತು ಮಿಕ್ಸರ್ (ಆವರ್ತನ ಇಳಿಸುವ ಭಾಗ) ಇರುವ ಚಿಪ್ ಕೂರಿಸಿದ್ದು ಇದಕ್ಕೇ. ನೀವೂ ಮೊದಲ ಆಂಪ್ಲಿಫೈಯರನ್ನು ಮಿಕ್ಸರ್‌ಗೆ ಮುಂಚೆ, ಆಂಟೆನಾಕ್ಕೆ ತಾಗಿಸಿ ಇಡಿ. ಆಂಟೆನಾದ ಬಾಯಿ ಬಿಟ್ಟು ಉಳಿದೆಲ್ಲವನ್ನೂ ಲೋಹದ ಪೆಟ್ಟಿಗೆಯಲ್ಲಿ ಮುಚ್ಚಿ.

ಇಷ್ಟಾದರೂ ನಾಯ್ಸ್ ಸೊನ್ನೆಯಾಗದು. ಐಎಫ್ ಬ್ಯಾಂಡ್ (ಮಿಕ್ಸರ್ ಇಳಿಸಿಕೊಟ್ಟ ಸಿಗ್ನಲ್‌ನ ಆವರ್ತನದ ಅಗಲ) 700 ಮೆಗಾಹರ್ಟ್ಸ್, ವಿಡಿಯೋ ಬ್ಯಾಂಡ್ (ಕೊನೆಗೆ ದಾಖಲಿಸುವ ಸಿಗ್ನಲ್‌ನ ಅಗಲ) 400 ಕಿಲೋಹರ್ಟ್ಸ್ ಇದ್ದರೆ ಪರಿಪೂರ್ಣ ರಿಸೀವರ್‌ನಲ್ಲೂ ಶೇ 3.4 ಏರಿಳಿತ ಇದ್ದೇ ಇರುತ್ತದೆ. ಅದನ್ನು ಸರಾಸರಿ ಮಾತ್ರ ತಗ್ಗಿಸುತ್ತದೆ.

ನಾಯ್ಸ್ ಅಳೆಯದೆ ಸುಧಾರಿಸಿತು ಎನ್ನಬೇಡಿ. ಮೈಕ್ರೋವೇವ್ ಹೀರುವ ಫೋಮ್‌ನ ಎರಡು ತುಂಡು ಬೇಕು: ಒಂದು ಕೋಣೆಯ ಉಷ್ಣತೆಯಲ್ಲಿ, ಇನ್ನೊಂದು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ದ್ರವ ಸಾರಜನಕದಲ್ಲಿ ಪೂರ್ತಿ ಮುಳುಗಿ, 77 ಕೆಲ್ವಿನ್‌ನಲ್ಲಿ. ರಿಸೀವರ್‌ಗೆ ಎರಡನ್ನೂ ಸರದಿಯಂತೆ ತೋರಿಸಿ ಔಟ್‌ಪುಟ್ ಹೋಲಿಸಿದರೆ ನಾಯ್ಸ್ ಉಷ್ಣತೆ ಸಿಗುತ್ತದೆ. ಕೋಣೆಯದು 300 ಎಂದು ಪುಸ್ತಕ ನೋಡಿ ಬರೆಯಬೇಡಿ. ಮೇ ತಿಂಗಳ ಕಲಬುರಗಿಯಲ್ಲಿ 313 ಇದ್ದೀತು, ಥರ್ಮಾಮೀಟರ್ ಇಡಿ. 50,000 ಕೆಲ್ವಿನ್ ರಿಸೀವರ್‌ನಲ್ಲಿ ಎರಡರ ನಡುವೆ ಸಿಗುವ ವ್ಯತ್ಯಾಸ ಶೇ 0.5ಕ್ಕೂ ಕಡಿಮೆ, ಧಗೆಗೆ ಗೇನ್ (ಹಿಗ್ಗಿಸುವ ಪಟ್ಟು) ಶೇ 1 ಜಾರಿದರೆ ಅಳತೆ ಕೆಟ್ಟಂತೆ. ಒಂದು ಗಂಟೆ ಮೊದಲೇ ಆನ್ ಮಾಡಿಡಿ; ಚಾಪರ್‌ನಿಂದ (ದಾರಿಗೆ ಅಡ್ಡ ತಿರುಗುವ ರೆಕ್ಕೆ) ಬಿಸಿ, ತಂಪು ತುಂಡುಗಳನ್ನು ಬೇಗಬೇಗ ಬದಲಿಸುತ್ತಾ ಸರಾಸರಿ ತೆಗೆಯಿರಿ. ಪೆಟ್ಟಿಗೆಯ ಮೇಲೆ ಕೂಡುವ ನೀರಹನಿ ಒರೆಸಿ, ಅದು ಸಿಗ್ನಲ್ ನುಂಗುತ್ತದೆ.

ಎಸಿ ಎಂದು ಬಾಗಿಲು ಮುಚ್ಚಿ ಸಾರಜನಕ ಸುರಿಯಲೇಬೇಡಿ. 1 ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗಿ ಆಮ್ಲಜನಕವನ್ನು ದೂಡುತ್ತದೆ. ಪ್ರಜ್ಞೆ ತಪ್ಪುವ ಮುನ್ನ ಸುಳಿವೂ ಸಿಗದು. ಆಕ್ಸಿಜನ್ ಮೀಟರ್ ಇಲ್ಲದಿದ್ದರೆ ಪ್ರಯೋಗ ಮುಂದೂಡಿ.

ಪ್ರಶ್ನೆ: ‘ಪ್ಲಾಸ್ಮಾ ನೀರು’ ಕುಡಿದರೆ ಸಕ್ಕರೆ ಕಾಯಿಲೆ ವಾಸಿಯಂತೆ? (ಯಾದಗಿರಿ)

ಹಸಿ ಸುಳ್ಳು. ಇದನ್ನು ನಂಬಿ ಮಾತ್ರೆ, ಇನ್ಸುಲಿನ್ ಬಿಟ್ಟವರು ಇವತ್ತೇ ವೈದ್ಯರ ಬಳಿ ಹೋಗಿ.