ಆ ಆರುನೂರು ಗ್ರಾಂ ಬೇಡ, ಫೈಲ್ ಗಟ್ಟಿ ಮಾಡಿ

ಪ್ರಶ್ನೆ: ಮೇಡಂ, ನಾನು ಹಾಸನದ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಸೂಪರ್‌ವೈಸರ್. ಕಂಪನಿ ಕಡೆಯಿಂದ ಮನೆಯವರಿಗೆಲ್ಲ ಸೇರಿ 5 ಲಕ್ಷದ ಆರೋಗ್ಯ ವಿಮೆ ಇದೆ. ನನ್ನ ಹೆಂಡತಿಗೆ 38 ವರ್ಷ, ತೂಕ 98 ಕೆ.ಜಿ., ಎತ್ತರ 157 ಸೆಂ.ಮೀ. ಆರು ವರ್ಷದಿಂದ ಶುಗರ್ ಇದೆ, ಈಗ ಮಾತ್ರೆ ಜೊತೆ ಇನ್ಸುಲಿನ್ನೂ ಶುರುವಾಗಿದೆ. ರಾತ್ರಿ ಗೊರಕೆ ಹೊಡೆಯುತ್ತಾ ಇದ್ದವಳಿಗೆ ಇದ್ದಕ್ಕಿದ್ದಂತೆ ಉಸಿರೇ ನಿಂತ ಹಾಗಾಗುತ್ತದೆ, ನಾನು ಅಲುಗಾಡಿಸಿ ಎಬ್ಬಿಸುತ್ತೇನೆ. ಬೆಂಗಳೂರಿನ ಡಾಕ್ಟರು ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಮಾಡಿಸಿ ಅಂದಿದ್ದಾರೆ. ಎಚ್.ಆರ್.ನವರನ್ನು ಕೇಳಿದರೆ ‘ಸಣ್ಣ ಆಗೋದಕ್ಕೆಲ್ಲ ಇನ್ಶೂರೆನ್ಸ್ ಬರಲ್ಲ ಕಣ್ರೀ’ ಅಂದರು. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 40 ಆದರೆ ಕೊಡುತ್ತಾರೆ, ನಿಮ್ಮವರದು 39.8 ಇದೆ, ಇನ್ನೊಂದು ಸ್ವಲ್ಪ ತಿನ್ನಿಸಿ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಆ ತಿನ್ನಿಸುವ ಮಾತು ಬಿಟ್ಟುಬಿಡಿ. ಲೆಕ್ಕ ಹಾಕಿದರೆ 40 ಮುಟ್ಟಲು ಬೇಕಾಗಿರುವುದು ಬರೀ 600 ಗ್ರಾಂ, ಅದಕ್ಕೇ ಆಸೆ ಆಗುತ್ತದೆ, ಗೊತ್ತು. ಆದರೆ ಶುಗರ್ ಹತೋಟಿಗೆ ಬರದ ಹೆಣ್ಣುಮಗಳಿಗೆ ಬೇಕು ಅಂತಲೇ ತಿನ್ನಿಸುವುದು ತಪ್ಪು, ಅದೂ ಅಲ್ಲದೆ ನಿಮಗೆ ಅದರ ಅಗತ್ಯವೇ ಇಲ್ಲ.

ಯಾಕೆ ಅಂತ ಹೇಳುತ್ತೇನೆ. ಯಾವುದಕ್ಕೆ ದುಡ್ಡು ಕೊಡುವುದಿಲ್ಲ ಅನ್ನುವ ಪಟ್ಟಿಯನ್ನು ವಿಮಾ ಕಂಪನಿಗಳು ಮೊದಲು ತಮಗೆ ತೋಚಿದ ಹಾಗೆ ಬರೆದುಕೊಳ್ಳುತ್ತಿದ್ದವು. 2019ರ ಸೆಪ್ಟೆಂಬರ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಆ ಒಕ್ಕಣೆಯನ್ನು ಎಲ್ಲರಿಗೂ ಒಂದೇ ಮಾಡಿತು. ನಿಮ್ಮ ಪಾಲಿಸಿಯಲ್ಲಿ ‘ಎಕ್ಸ್‌ಕ್ಲೂಷನ್ ಕೋಡ್ 06’ ಅಂತ ಇರುತ್ತದೆ, ಹುಡುಕಿ. ತಲೆಬರಹದಲ್ಲಿ ‘ಬೊಜ್ಜು, ತೂಕ ನಿಯಂತ್ರಣ’ ಅಂತಿರುವುದರಿಂದ ಬಹಳ ಜನ ಅಷ್ಟು ಓದಿ ಪುಟ ಮಗುಚುತ್ತಾರೆ, ನಿಮ್ಮ ಎಚ್.ಆರ್.ನವರೂ ಹಾಗೇ ಮಾಡಿರಬಹುದು. ಕೆಳಗೆ ಓದಿದರೆ ಇರುವುದು ಬೇರೆ: ಡಾಕ್ಟರ್ ಸಲಹೆ ಮೇಲೆ ಆಪರೇಷನ್ ಆಗಬೇಕು, ವೈದ್ಯಕೀಯ ಪದ್ಧತಿಗೆ ಒಪ್ಪುವಂತಿರಬೇಕು, ವಯಸ್ಸು 18 ಆಗಿರಬೇಕು, ಬಿಎಂಐ 40 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಇಲ್ಲವೇ ಬಿಎಂಐ ಕನಿಷ್ಠ 35 ಇದ್ದು, ಬೇರೆ ರೀತಿಯಲ್ಲಿ ತೂಕ ಇಳಿಸಲು ನೋಡಿ ಆಗದೆ, ಜೊತೆಗೆ ಈ ನಾಲ್ಕರಲ್ಲಿ ಒಂದು ಇರಬೇಕು. ಬೊಜ್ಜಿನಿಂದ ಬಂದ ಹೃದಯದ ಸ್ನಾಯುವಿನ ತೊಂದರೆ, ಹೃದಯದ ರಕ್ತನಾಳದ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆ, ಹತೋಟಿಗೆ ಬಾರದ ಟೈಪ್ 2 ಶುಗರ್. ಈ ಷರತ್ತುಗಳು ಪೂರೈಸದಿದ್ದರೆ ಮಾತ್ರ ದುಡ್ಡು ಇಲ್ಲ. ಪೂರೈಸಿದರೆ ಈ ಕೋಡ್ ತೋರಿಸಿ ಇಲ್ಲ ಅನ್ನಲು ಬರುವುದಿಲ್ಲ.

ನಿಮ್ಮ ಮನೆಯವರಿಗೆ 35ರ ದಾರಿ ತೆರೆದೇ ಇದೆ ಅಲ್ವಾ? ಆಪರೇಷನ್‌ಗೆ ಎರಡು ವಾರ ಮುಂಚೆ ಲಿವರ್ ಕುಗ್ಗಲಿ ಅಂತ ಪಥ್ಯ ಕೊಡುತ್ತಾರೆ, ಅದರಲ್ಲಿ ನಾಲ್ಕೈದು ಕೆ.ಜಿ. ಇಳಿದರೂ ಬಿಎಂಐ 37, 38ರಲ್ಲೇ ಇರುತ್ತದೆ.

ಈಗ ಕಂಪನಿ ಪಾಲಿಸಿ ವಿಚಾರ. ಇದು ಗ್ರೂಪ್ ಪಾಲಿಸಿ, ನಿಮ್ಮ ಕಂಪನಿ ಏನನ್ನು ಕೊಂಡಿದೆಯೋ ಅದೇ ನಿಮಗೆ ಸಿಗುವುದು. ಕೈಗೆ ಕೊಡುವ ಕಾರ್ಡಿನಲ್ಲಿ ಏನೂ ಇರುವುದಿಲ್ಲ. ಎಚ್.ಆರ್.ಗೆ ಒಂದು ಇಮೇಲ್ ಹಾಕಿ, ಮಾಸ್ಟರ್ ಪಾಲಿಸಿಯ, ಅಂದರೆ ಕಂಪನಿ ವಿಮೆಯವರ ಜೊತೆ ಮಾಡಿಕೊಂಡ ಮೂಲ ಪಾಲಿಸಿಯ, ಷರತ್ತಿನ ಪುಟಗಳನ್ನು ಕೇಳಿ. ಬಾಯಲ್ಲಿ ಕೇಳಬೇಡಿ, ಬರವಣಿಗೆಯಲ್ಲಿ ಕೇಳಿ. ಅದರಲ್ಲಿ ಮೂರು ವಿಷಯ ನೋಡಿ: ಈ ಆಪರೇಷನ್‌ಗೆ ಅಂತ ಬೇರೆ ಮಿತಿ ಹಾಕಿದ್ದಾರಾ, ಮೊದಲಿನಿಂದ ಇದ್ದ ಕಾಯಿಲೆಗೆ ಕಾಯುವ ಅವಧಿ ಇದೆಯಾ (ಗ್ರೂಪ್ ಪಾಲಿಸಿಗಳಲ್ಲಿ ಇದನ್ನು ಹೆಚ್ಚಾಗಿ ಬಿಟ್ಟುಕೊಟ್ಟಿರುತ್ತಾರೆ), ರೂಮ್ ಬಾಡಿಗೆಗೆ ಹಾಕಿರುವ ಮಿತಿ ಎಷ್ಟು. ರೂಮ್ ವಿಷಯ ಚಿಕ್ಕದಲ್ಲ. 5 ಲಕ್ಷಕ್ಕೆ ದಿನಕ್ಕೆ ಶೇಕಡಾ 1 ಅಂತಿದ್ದರೆ 5,000 ಆಯಿತು. ನೀವು 10,000ದ ರೂಮ್ ತಗೊಂಡರೆ ಬಾಡಿಗೆ ಮಾತ್ರ ಅಲ್ಲ, ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಚಾರ್ಜು ಎಲ್ಲವನ್ನೂ ಅರ್ಧಕ್ಕೆ ಕಡಿಯಬಹುದು.

ನಾನು ಹಾಸನದ ಒಂದು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ 11 ವರ್ಷ ಕೂತವಳು. ಕ್ಲೇಮ್ ಗೆಲ್ಲುವುದೂ ಸೋಲುವುದೂ ಕಾಗದದ ಮೇಲೆ. ನಮ್ಮ ಅಕ್ಕನದೇ ನೋಡಿ. ಚಿಕ್ಕಮಗಳೂರಿನಲ್ಲಿ ಅವಳಿಗೆ ಚೀಟಿ ಬರೆದ ಡಾಕ್ಟರು ‘ತೂಕ ಇಳಿಸಲು ಶಸ್ತ್ರಚಿಕಿತ್ಸೆ’ ಅಂತ ಒಂದೇ ಸಾಲು ಬರೆದಿದ್ದರು. ಹತ್ತು ವರ್ಷದ ಶುಗರ್ ಆ ಚೀಟಿಯಲ್ಲಿ ಇರಲೇ ಇಲ್ಲ. ವಿಮೆಯವರು ಇದು ಸೌಂದರ್ಯಕ್ಕೆ ಮಾಡಿಸುವ ಆಪರೇಷನ್ ಅಂತ ವಾಪಸ್ ಕಳಿಸಿದರು. ಆ ಪತ್ರ ಹಿಡಿದುಕೊಂಡು ಅವಳು ಅಡುಗೆಮನೆ ಕಟ್ಟೆಗೆ ಒರಗಿ ‘ನಾನು ಚೆಂದ ಕಾಣೋಕೆ ಹೋಗ್ತಿದೀನಾ’ ಅಂತ ಅತ್ತಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಳೇ ಲ್ಯಾಬ್ ರಿಪೋರ್ಟು, ಔಷಧಿ ಬಿಲ್ಲು, ಕಣ್ಣಿನ ಡಾಕ್ಟರ ಚೀಟಿ ಎಲ್ಲ ಜೋಡಿಸಿ, ಹೊಸ ಪತ್ರ ಬರೆಸಿ ಮತ್ತೆ ಹಾಕಿದೆವು, ಒಪ್ಪಿದರು. ಕಾಯಿಲೆ ಅದೇ, ಹೆಂಗಸು ಅವಳೇ, ಬದಲಾಗಿದ್ದು ಫೈಲು.

ಹಾಗಾಗಿ ಬೆಂಗಳೂರಿಗೆ ರೈಲು ಹತ್ತುವ ಮುಂಚೆ ಹಾಸನದಲ್ಲೇ ಫೈಲ್ ತಯಾರು ಮಾಡಿ. ಕಳೆದ ಒಂದೆರಡು ವರ್ಷದ ಎಚ್‌ಬಿಎ1ಸಿ ರಿಪೋರ್ಟುಗಳು, ಅಂದರೆ ಮೂರು ತಿಂಗಳ ಶುಗರ್ ಲೆಕ್ಕ, ತಾರೀಕಿನ ಪ್ರಕಾರ ಇರಲಿ. ಇಷ್ಟು ಔಷಧಿ ಕೊಟ್ಟರೂ ಇಳಿದಿಲ್ಲ ಅನ್ನುವುದು ಅದರಲ್ಲಿ ಕಾಣಬೇಕು. ಡಯಟ್ ಮಾಡಿದ್ದು, ವಾಕಿಂಗ್ ಹೋಗಿದ್ದು ಸುಮ್ನೆ ಬಾಯಿಮಾತಿನಲ್ಲಿ ಹೇಳಿದರೆ ಆಗುವುದಿಲ್ಲ. ಪ್ರತಿ ಸಲ ಡಾಕ್ಟರ ಹತ್ತಿರ ಹೋದಾಗ ತೂಕ ಬರೆಸಿ, ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನ ಓಪಿಡಿ ಚೀಟಿ ಆದರೂ ಸರಿ, ತಾರೀಕು ಸೀಲು ಇರಲಿ. ಉಸಿರು ನಿಲ್ಲುವುದಕ್ಕೆ ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಾಟ ನೋಡುವ ಪರೀಕ್ಷೆ, ಮಾಡಿಸಿ, ಇದನ್ನಂತೂ ಮುಂದೆ ಹಾಕಬೇಡಿ, ವಿಮೆ ಇರಲಿ ಬಿಡಲಿ. ಗಂಟೆಗೆ 30 ಸಲಕ್ಕಿಂತ ಜಾಸ್ತಿ ಉಸಿರಾಟ ನಿಂತರೆ ಅಥವಾ ತೀರಾ ಕಡಿಮೆಯಾದರೆ ಅದನ್ನು ತೀವ್ರ ಅನ್ನುತ್ತಾರೆ. ಅರಿವಳಿಕೆ ಕೊಡುವ ಡಾಕ್ಟರಿಗೂ ಅದು ಗೊತ್ತಿರಲೇಬೇಕು. ಎತ್ತರವನ್ನು ಚಪ್ಪಲಿ ಬಿಚ್ಚಿ ಅಳೆಸಿ. ಒಂದು ಚೀಟಿಯಲ್ಲಿ 157, ಇನ್ನೊಂದರಲ್ಲಿ 160 ಅಂತಿದ್ದರೆ ಪ್ರಶ್ನೆ ಅಲ್ಲೇ ಹುಟ್ಟುತ್ತದೆ.

ಆಮೇಲೆ ಕ್ಯಾಶ್‌ಲೆಸ್‌ಗೆ, ಅಂದರೆ ವಿಮೆಯವರೇ ನೇರವಾಗಿ ಆಸ್ಪತ್ರೆಗೆ ದುಡ್ಡು ಕಟ್ಟುವುದಕ್ಕೆ, ಮುಂಚಿತವಾಗಿ ಅರ್ಜಿ ಹಾಕಿಸಿ. ಇದು ದಿನ ಗೊತ್ತುಮಾಡಿ ಮಾಡುವ ಆಪರೇಷನ್, ಒಪ್ಪಿಗೆ ಕೈಗೆ ಬರದೆ ಅಡ್ಮಿಟ್ ಆಗಬೇಡಿ. ತಿರಸ್ಕರಿಸಿದರೆ ಕಾರಣ ಬರವಣಿಗೆಯಲ್ಲಿ ಕೇಳಿ, ವಿಮಾ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರಲಿಲ್ಲ, ಬಂದರೂ ಸರಿಯಿಲ್ಲ ಅಂದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ತೀರ್ಮಾನಿಸುವವರ, ಕಚೇರಿ ಇದೆ. ಗ್ರೂಪ್ ಪಾಲಿಸಿಯವರೂ ಹೋಗಬಹುದು, ಫೀಸಿಲ್ಲ, ವಕೀಲರೂ ಬೇಡ, ಒಂದು ವರ್ಷದೊಳಗೆ ದೂರು ಕೊಡಬೇಕು.

ಮನೆಯವರ ಜೊತೆ ಇನ್ನೊಂದು ಮಾತಾಡಿ. ಹೊಟ್ಟೆ ಚಿಕ್ಕದು ಮಾಡುವ ಸ್ಲೀವ್ ಅನ್ನುವ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗ ತೆಗೆಯುತ್ತಾರೆ, ಅದು ಮತ್ತೆ ಬರುವುದಿಲ್ಲ. ಮೊದಲ ವಾರಗಳು ಬರೀ ನೀರಾದ ಆಹಾರ, ಮುದ್ದೆ ಬಸ್ಸಾರಿನ ಊಟಕ್ಕೆ ಬರಲು ತಿಂಗಳುಗಳೇ ಬೇಕು, ಬಂದ ಮೇಲೂ ನಿಂಬೆಹಣ್ಣಿನ ಗಾತ್ರದ ಮುದ್ದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಜೀವನಪೂರ್ತಿ. ಡಿಸ್ಚಾರ್ಜ್ ನಂತರದ ಖರ್ಚು ಬಹಳ ಪಾಲಿಸಿಗಳಲ್ಲಿ 60 ದಿನ ಮಾತ್ರ ಸಿಗುವುದು, ಆಮೇಲಿನದು ನಿಮ್ಮ ಜೇಬಿನಿಂದಲೇ. ಅವರಿಗೆ ಮನಸ್ಸಿದೆಯಾ ಅಂತ ಅವರನ್ನೇ ಕೇಳಿ.

ಪ್ರಶ್ನೆ: ಚಿಕ್ಕಮಗಳೂರಿನ ಕಾಫಿ ಕಂಪನಿಯೊಂದರ ಆಫೀಸಿನಲ್ಲಿದ್ದೇನೆ. ಆಪರೇಷನ್ ಬದಲು ವಾರಕ್ಕೊಂದು ತೂಕದ ಇಂಜೆಕ್ಷನ್ ತಗೊಂಡರೆ ಕಂಪನಿ ವಿಮೆ ಕೊಡುತ್ತಾ?

ಉತ್ತರ: ಮೌಂಜಾರೋ, ವೆಗೋವಿ ಅಂತ 2025ರಲ್ಲಿ ನಮ್ಮ ದೇಶಕ್ಕೆ ಬಂದವಲ್ಲ, ಅವುಗಳನ್ನು ಮನೆಯಲ್ಲೇ ಚುಚ್ಚಿಕೊಳ್ಳುವುದು. ಆಸ್ಪತ್ರೆಗೆ ಸೇರಿದರೆ ಮಾತ್ರ ದುಡ್ಡು ಕೊಡುವ ಪಾಲಿಸಿಯಲ್ಲಿ ಅದು ಬರುವುದಿಲ್ಲ. ಅಡ್ಮಿಟ್ ಆಗದೆ ತೋರಿಸಿಕೊಂಡಿದ್ದಕ್ಕೂ ದುಡ್ಡು ಕೊಡುವ ಓಪಿಡಿ ಸೌಲಭ್ಯ ಇದೆಯಾ, ಇದ್ದರೆ ಔಷಧಿ ಸೇರಿದೆಯಾ ಅಂತ ಎಚ್.ಆರ್. ಹತ್ತಿರ ವಿಚಾರಿಸಿ. ಮೆಡಿಕಲ್ ಶಾಪಿನವರ ಮಾತು ಕೇಳಿ ಶುರು ಮಾಡಬೇಡಿ.

ಪ್ರಶ್ನೆ: ಆಪರೇಷನ್ ಆಗಿ ಎರಡು ವರ್ಷ, 41 ಕೆ.ಜಿ. ಇಳಿದಿದ್ದೇನೆ. ಹೊಟ್ಟೆಯ ಚರ್ಮ ಜೋತುಬಿದ್ದಿದೆ, ಅದನ್ನು ತೆಗೆಸಲು ವಿಮೆ ಸಿಗುತ್ತದಾ? (ಹಾಸನ)

ಉತ್ತರ: ನೋಡಲು ಸರಿಯಿಲ್ಲ ಅನ್ನುವ ಕಾರಣಕ್ಕೆ ಸಿಗುವುದಿಲ್ಲ, ಅದು ಕೋಡ್ 08ರಲ್ಲಿ ಹೊರಗಿದೆ. ಆದರೆ ಮಡಿಕೆಯಲ್ಲಿ ಮತ್ತೆ ಮತ್ತೆ ಹುಣ್ಣಾಗಿ ಸೋಂಕು ಹಿಡಿಯುತ್ತಿದ್ದರೆ, ನೇರವಾದ ಆರೋಗ್ಯದ ಅಪಾಯ ತಪ್ಪಿಸಲು ಇದು ಬೇಕೇಬೇಕು ಅಂತ ನಿಮ್ಮನ್ನು ನೋಡುತ್ತಿರುವ ಡಾಕ್ಟರು ಬರೆದುಕೊಟ್ಟರೆ, ಕೇಳಲು ದಾರಿ ಇದೆ. ಚರ್ಮದ ಡಾಕ್ಟರ ಹತ್ತಿರ ಹೋದ ಪ್ರತಿ ಸಲದ ಚೀಟಿಯನ್ನೂ, ಹುಣ್ಣಿನ ಫೋಟೋವನ್ನೂ ತಾರೀಕು ಹಾಕಿ ಇಂದಿನಿಂದಲೇ ಎತ್ತಿಡಿ.