ಕಳಿಸಿ, ಆದರೆ ಕಿಟಕಿ ನೋಡಿ ಬನ್ನಿ

(2021ರ ಅಕ್ಟೋಬರ್‌ನಲ್ಲಿ ಒಬ್ಬ ತಾಯಿಯ ಪ್ರಶ್ನೆಗೆ ಬರೆದ ಉತ್ತರ ಇದು.) ಮೇಡಂ, ಕೊರೊನಾದಿಂದ ಮುಚ್ಚಿದ್ದ ಕರ್ನಾಟಕದ ಶಾಲೆಗಳಲ್ಲಿ 1ರಿಂದ 5ನೇ ತರಗತಿ ಅಕ್ಟೋಬರ್ 25ರಂದು ಮತ್ತೆ ಶುರುವಾಗುತ್ತಿದೆ, ಎರಡನೇ ಕ್ಲಾಸಿನ ಮಗಳನ್ನು ಕಳಿಸಲಾ, ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ ಅಂತ ಕೇಳಿದ್ದೀರಿ. ಕಳಿಸಿ ಅಂತಲೇ ಹೇಳುತ್ತೇನೆ. 2020ರ ಮಾರ್ಚ್‌ನಿಂದ ಈ ಪುಟ್ಟ ಮಕ್ಕಳು ತರಗತಿಯ ಮುಖ ನೋಡಿಲ್ಲ. ನನ್ನ ಮಗನೂ ಎರಡನೇ ಕ್ಲಾಸು. ಒಂದನೇ ಕ್ಲಾಸು ಪೂರ್ತಿ ಮೊಬೈಲ್‌ನಲ್ಲೇ ಮುಗಿಯಿತು. ಮೊನ್ನೆ ಸ್ಲೇಟು ಕೊಟ್ಟು 'ಅಮ್ಮ' ಬರಿ ಅಂದರೆ 'ಅಮ' ಅಂತ ಬರೆದ. ಒತ್ತಕ್ಷರವೇ ಗೊತ್ತಿಲ್ಲ. ಕರುಳು ಚುರ್ ಅಂದಿತು.

ಭಯ ನನಗೂ ಇದೆ, ಇಷ್ಟು ಪುಟ್ಟ ಮಕ್ಕಳಿಗೆ ಕೊರೊನಾ ಲಸಿಕೆ ಇನ್ನೂ ಬಂದಿಲ್ಲ ಅಲ್ವಾ. ಅದಕ್ಕೇ ಮೊದಲು ಅತ್ತೆಗೆ ಎರಡೂ ಡೋಸ್ ಹಾಕಿಸಿ. ಹಾಜರಿ ಕಡ್ಡಾಯ ಅಲ್ಲ, ಆತುರ ಬೇಡ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಒಂದ್ಸಲ ಶಾಲೆಗೆ ಹೋಗಿ, ಗಾಳಿಯಾಡುವಂತೆ ಕ್ಲಾಸಿನ ಕಿಟಕಿಗಳು ತೆರೆದಿರುತ್ತವಾ ಅಂತ ಕಣ್ಣಾರೆ ನೋಡಿ ಬನ್ನಿ.