ಮತ ಎಣಿಕೆ ನಿಲ್ಲಿಸುವ ಕೋರ್ಟು ಬಾಂಬ್ ದಾಳಿ ಯಾಕೆ ನಿಲ್ಲಿಸುವುದಿಲ್ಲ?

ಪ್ರಶ್ನೆ: 2000ರ ಅಧ್ಯಕ್ಷ ಚುನಾವಣೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಫ್ಲಾರಿಡಾ ರಾಜ್ಯದ ಮತಗಳ ಮರು ಎಣಿಕೆಯನ್ನೇ ನಿಲ್ಲಿಸಿತು. ಅಲ್ಲಿನ ಅಧ್ಯಕ್ಷರು ಸಂಸತ್ತನ್ನು ಕೇಳದೆ ಯುದ್ಧಕ್ಕೆ ಇಳಿದರೆ ಮಾತ್ರ ಕೋರ್ಟುಗಳು ಸುಮ್ಮನಿರುತ್ತವೆ. ಇದೆಂಥ ನ್ಯಾಯ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್ಸಿನದು, ಅಂದರೆ ಅಲ್ಲಿನ ಸಂಸತ್ತಿನದು ಅಂತ ಸಂವಿಧಾನವೇ ಹೇಳುತ್ತದೆ. ಆದರೂ 1942ರ ನಂತರ ಕಾಂಗ್ರೆಸ್ ಒಮ್ಮೆಯೂ ವಿಧಿವತ್ತಾಗಿ ಯುದ್ಧ ಸಾರಿಲ್ಲ.

ಚುನಾವಣೆ ತಕರಾರು ಕೋರ್ಟಿಗೆ ಸಲೀಸು. ಎದುರುಬದುರು ಇಬ್ಬರು ಅಭ್ಯರ್ಥಿಗಳು, ಒಂದು ಕಾನೂನು, ಒಂದು ಗಡುವು. ಫ್ಲಾರಿಡಾದಲ್ಲಿ ಜಾರ್ಜ್ ಬುಷ್ ಎದುರಾಳಿ ಅಲ್ ಗೋರ್‌ಗಿಂತ ಮುಂದಿದ್ದದ್ದು ಬರೀ 537 ಮತಗಳಿಂದ. ಮತ ಹಾಕಲು ಮತದಾರರು ಮತಚೀಟಿಯಲ್ಲಿ ಮಾಡಿದ ತೂತು ಪೂರ್ತಿ ಬಿದ್ದಿರದಿದ್ದರೆ ಅದನ್ನು ಎಣಿಸಬೇಕೋ ಬೇಡವೋ ಅನ್ನುವುದಕ್ಕೆ ಎಲ್ಲ ಕಡೆ ಒಂದೇ ಅಳತೆ ಇರಲಿಲ್ಲ. ಡಿಸೆಂಬರ್ 12ರಂದು ಕೋರ್ಟ್ 5-4ರಲ್ಲಿ ಎಣಿಕೆಗೆ ತೆರೆ ಎಳೆಯಿತು. ಒಂದೇ ಅಳತೆ ಕೊಟ್ಟು ಎಣಿಸಲು ಬಿಡಬೇಕಿತ್ತು ಅಂತಲೇ ನಾನು ಇಂದಿಗೂ ಹೇಳುವುದು.

ಯುದ್ಧದ ವಿಷಯಕ್ಕೆ ಬಂದರೆ 1973ರ ಒಂದು ಕೇಸು ನೋಡಿ. ಕಾಂಬೋಡಿಯಾ ಮೇಲೆ ಬಾಂಬ್ ಹಾಕುವುದನ್ನು ನಿಲ್ಲಿಸಿ ಅಂತ ಕಾಂಗ್ರೆಸ್ ಸದಸ್ಯೆ ಎಲಿಜಬೆತ್ ಹೋಲ್ಟ್ಸ್‌ಮನ್ ಮತ್ತು ಕೆಲವು ವಾಯುಪಡೆ ಅಧಿಕಾರಿಗಳು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟಿಗೆ ಆಗ ಬೇಸಿಗೆ ರಜೆ. ನ್ಯಾಯಮೂರ್ತಿ ಡಗ್ಲಸ್ ತಾವು ಬೆಳೆದ ಊರು ಯಾಕಿಮಾದಲ್ಲೇ ವಿಚಾರಣೆ ನಡೆಸಿದರು. ಇದನ್ನು ಗಲ್ಲುಶಿಕ್ಷೆಯ ಕೇಸಿನಂತೆ ನೋಡಬೇಕು, ಸಾಯುವವನು ಅಲ್ಲಿನ ರೈತನೋ ನಮ್ಮ ಪೈಲಟ್ಟೋ ಗೊತ್ತಿಲ್ಲ ಅಂದರು. ಆಗಸ್ಟ್ 4ರಂದು ದಾಳಿಗೆ ತಡೆ ಕೊಟ್ಟರು. ಕೆಲವೇ ಗಂಟೆಗಳಲ್ಲಿ ಉಳಿದ ನ್ಯಾಯಮೂರ್ತಿಗಳು ಫೋನಿನಲ್ಲೇ ಮಾತಾಡಿಕೊಂಡು ಆ ತಡೆಯನ್ನು ತೆಗೆದುಹಾಕಿದರು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅದೇ ವರ್ಷ ಅಧ್ಯಕ್ಷ ನಿಕ್ಸನ್ ಹಾಕಿದ ವೀಟೊವನ್ನೂ, ಅಂದರೆ ತಡೆಯನ್ನೂ ಮೀರಿ ಕಾಂಗ್ರೆಸ್ ಒಂದು ಕಾನೂನು ತಂದಿತು. ಅಧ್ಯಕ್ಷರು ಸೇನೆ ಕಳಿಸಿದ 48 ಗಂಟೆಯಲ್ಲಿ ಕಾಂಗ್ರೆಸ್ಸಿಗೆ ವರದಿ ಕೊಡಬೇಕು, ಒಪ್ಪಿಗೆ ಸಿಗದಿದ್ದರೆ ಸಾಮಾನ್ಯವಾಗಿ 60 ದಿನಕ್ಕೆ ನಿಲ್ಲಿಸಬೇಕು. 1999ರಲ್ಲಿ ಕೊಸೊವೊ ವಿಚಾರಕ್ಕೆ ಯುಗೊಸ್ಲಾವಿಯಾ ಮೇಲೆ 78 ದಿನ ಬಾಂಬ್ ಬಿತ್ತು. ಕಾಂಗ್ರೆಸ್ಸಿನ ಕೆಲವು ಸದಸ್ಯರು ದಾವೆ ಹೂಡಿದರು. ದಾವೆ ಹೂಡುವ ಹಕ್ಕೇ ನಿಮಗಿಲ್ಲ, ತಡೆಯುವ ದಾರಿ ಕಾಂಗ್ರೆಸ್ಸಿನ ಕೈಯಲ್ಲೇ ಇದೆ ಅಂತ ಮೇಲ್ಮನವಿ ಕೋರ್ಟ್ ವಾಪಸ್ ಕಳಿಸಿತು.

ಹಾಗಂತ ಕೋರ್ಟ್ ಯಾವಾಗಲೂ ಹಿಂಜರಿಯುವುದಿಲ್ಲ. ಕೊರಿಯಾ ಯುದ್ಧದ ನೆಪದಲ್ಲಿ ಅಧ್ಯಕ್ಷ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಾಗ, 1952ರಲ್ಲಿ 6-3ರಿಂದ ಅದನ್ನು ರದ್ದು ಮಾಡಿತು. ಒಬ್ಬರ ಆಸ್ತಿಗೋ ಮೈಗೋ ನೇರ ಪೆಟ್ಟು ಬಿದ್ದರೆ ಕೋರ್ಟ್ ಕೇಳುತ್ತದೆ. ದಾಳಿಯನ್ನೇ ನಿಲ್ಲಿಸಿ ಅಂದರೆ ಕಾಂಗ್ರೆಸ್ ಕಡೆ ಕೈ ತೋರಿಸುತ್ತದೆ.

ಕಾಂಬೋಡಿಯಾ ಮೇಲಿನ ದಾಳಿ ನಿಂತದ್ದು 1973ರ ಆಗಸ್ಟ್ 15ಕ್ಕೆ. ಅಂದಿನಿಂದ ಅದಕ್ಕೆ ದುಡ್ಡು ಕೊಡುವುದಿಲ್ಲ ಅಂತ ಕಾಂಗ್ರೆಸ್ ಮೊದಲೇ ಕಾನೂನು ಮಾಡಿತ್ತು.